ಯಾವ ಡೊನಾಲ್ಡ್?

"ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ," ಎಂದಳು ರೋಡೀನಾ ಗಿಲ್ಲಿಸ್. ಬೆಳಗಿನಿಂದ ಆ ಮಾತನ್ನು ಅವಳು ಎಪ್ಪತ್ತು ಸಲವಾದರೂ ಆಡಿದ್ದಳು. ಹಲ್ಲುಜ್ಜುವಾಗ ಕೈ ಆಡುತ್ತದಲ್ಲ, ಹಾಗೆ ನಾಲಿಗೆ ತಾನಾಗಿ ಆಡುತ್ತಿತ್ತು.

ಫೋನಿನ ಆ ಕಡೆಯ ಮುದುಕ ಮೆಲ್ಲಗೆ ಕೇಳಿದ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಮನುಷ್ಯಳಾ, ಇಲ್ಲಾ ಬೆಳಿಗ್ಗೆ ಮಾತಾಡ್ತಲ್ಲ, ಅದೇ ಯಂತ್ರಾನಾ?"

ಪರದೆಯ ಅಂಚಿನಲ್ಲಿ ಮುಂದೆ ಹೇಳಬೇಕಾದ ವಾಕ್ಯ ಸಿದ್ಧವಾಗಿ ನಿಂತಿತ್ತು. ರೋಡೀನಾಳ ಮನಸ್ಸಿಗಿಂತ ಮುಂಚೆ ಬಾಯಿ ಅದನ್ನು ಓದಿಬಿಟ್ಟಿತು. "ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ."

"ಯಂತ್ರಾನೇ ಕಣೆ, ಫ್ಲೋರಾ," ಎಂದು ಮುದುಕ ಪಕ್ಕದಲ್ಲಿದ್ದ ಯಾರಿಗೋ ಹೇಳಿದ.

ರೋಡೀನಾಳ ಕಿವಿ ಬಿಸಿಯಾಯಿತು. ಐವತ್ತೊಂದು ವರ್ಷ ವಯಸ್ಸಿನ, ಎರಡು ಹೆತ್ತ, ಒಂಬತ್ತು ವರ್ಷದಿಂದ ಇದೇ ಕುರ್ಚಿ ಸವೆಸಿದ ಹೆಂಗಸನ್ನು ಯಂತ್ರ ಅಂದರೆ ಯಾರಿಗೆ ತಾನೇ ಉರಿಯುವುದಿಲ್ಲ? ಅವಳಿಗೆ ಹೆಚ್ಚು ಉರಿದದ್ದು ಆ ಮುದುಕನ ಮಾತು ಪೂರ್ತಿ ಸುಳ್ಳಲ್ಲ ಎಂಬುದಕ್ಕೆ. ಹೋದ ವಾರ ಅವಳ ಗಂಡ ಮೀನು ಹೆಚ್ಚುವಾಗ ಹೆಬ್ಬೆರಳು ಕುಯ್ದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದ. ಆಗಲೂ ಅವಳ ಬಾಯಿಂದ ಬಂದದ್ದು ಇದೇ ವಾಕ್ಯ. ಅವನು ರಕ್ತ ಒರೆಸುವುದನ್ನು ಬಿಟ್ಟು ಅವಳ ಮುಖ ನೋಡಿದ್ದ.

ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ನಮ್ಮ ಕೇಪ್ ಬ್ರೆಟನ್ ದ್ವೀಪಕ್ಕೆ ಬಂದ ಕೆಲಸಗಳಲ್ಲಿ ಈ ಫೋನಿನ ಕೆಲಸವೂ ಒಂದು. ಮನೆ ಬೆಚ್ಚಗಿಡುವ ಫರ್ನೇಸ್‌ಗಳನ್ನು ರಿಪೇರಿ ಮಾಡುವ ಕಂಪನಿಯದು. ಫರ್ನೇಸ್ ಕೆಟ್ಟ ಮನೆಯವರು ಫೋನ್ ಮಾಡುತ್ತಾರೆ, ಮೊದಲು ಒಂದು ಯಂತ್ರದ ದನಿ ಮಾತಾಡುತ್ತದೆ, ಅದರಿಂದ ಬಗೆಹರಿಯದಿದ್ದರೆ ರೋಡೀನಾಳಂಥವರ ಕಿವಿಗೆ ಬರುತ್ತದೆ. ಅಕ್ಟೋಬರಿನಿಂದ ಈ ಕೋಣೆಯ ಮೂವತ್ತು ಜನರ ಮಾತನ್ನೂ ಇನ್ನೊಂದು ಯಂತ್ರ ಕೇಳಿಸಿಕೊಳ್ಳತೊಡಗಿತ್ತು. ಏನು ಹೇಳಬೇಕೆಂದು ಅದೇ ಬರೆದುಕೊಡುತ್ತದೆ, ಹೇಳಿದ್ದಕ್ಕೆ ಅದೇ ಅಂಕ ಹಾಕುತ್ತದೆ. ಹೆಂಗಸರು ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದರು. ಒಂದು ಕರೆಗೆ ಆರು ನಿಮಿಷ, ಅದು ದಾಟಿದರೆ ಪರದೆಯ ಮೇಲೆ ಅತ್ತೆ ಇಡುವ ಬೊಟ್ಟು ಹಳದಿ, ಹತ್ತು ದಾಟಿದರೆ ಕೆಂಪು. ಕರೆ ಮಾಡಿದವರ ಮನೆಮಠದ ವಿಚಾರ ಕೇಳಿದರೂ ಕೆಂಪೇ. ಒಂದೇ ತಿಂಗಳಲ್ಲಿ ಮೂರು ಕೆಂಪು ಬಿದ್ದರೆ ಟೊರಾಂಟೊದ ಮುಖ್ಯ ಕಚೇರಿಯವರ ಮುಂದೆ ವಿಚಾರಣೆ. ಹಾಗೆ ವಿಚಾರಣೆಗೆ ಹೋದ ಐವರಲ್ಲಿ ನಾಲ್ವರು ತಮ್ಮ ಸ್ವೆಟರು, ಚಹಾದ ಲೋಟ ಎತ್ತಿಕೊಂಡು ಮನೆಗೆ ಹೋಗಿದ್ದರು. ರೋಡೀನಾಳಿಗೆ ಈ ಫೆಬ್ರುವರಿಯಲ್ಲಿ ಆಗಲೇ ಎರಡು ಕೆಂಪು ಬಿದ್ದಿದ್ದವು. ಗಂಡನಿಗೆ ಮೀನಿನ ಕಾರ್ಖಾನೆಯಲ್ಲಿ ಮೇ ತಿಂಗಳವರೆಗೆ ಕೆಲಸವಿಲ್ಲ.

ಪರದೆಯ ಮೇಲೆ ಡೊನಾಲ್ಡ್ ಮೆಕ್‌ನೀಲ್, ಬೀಚ್ ರಸ್ತೆ ಎಂದಿತ್ತು. ಅದರ ಕೆಳಗೆ ಆಲನ್ ಎಂಬ ರಿಪೇರಿಯವನ ಟಿಪ್ಪಣಿ: ಮನೆಗೆ ಭೇಟಿ ಆಗಿದೆ, ಫರ್ನೇಸ್ ಸರಿಯಿದೆ, ಮಾಲೀಕರು ಸಹಿ ಹಾಕಿದ್ದಾರೆ. ದೂರು ಮುಗಿದಿದೆ. ಈಗ ರೋಡೀನಾ ಮಾಡಬೇಕಾದ್ದು ಇಷ್ಟೇ, ಸೇವೆ ಹೇಗಿತ್ತು ಎಂದು ಕೇಳಿ ಫೋನ್ ಇಡಬೇಕು.

"ಯಾರೂ ಬರ್ಲಿಲ್ಲ ಕಣಮ್ಮಾ," ಎಂದ ಮುದುಕ. "ಬೆಳಿಗ್ಗೆ ಏಳಕ್ಕೆ ಹೇಳಿದ್ದು. ಈಗ ಎರಡು ಗಂಟೆ. ಹೊರಗೆ ಸೊನ್ನೆಗಿಂತ ಹದಿನೇಳು ಡಿಗ್ರಿ ಕೆಳಗಿದೆ ಅಂತ ರೇಡಿಯೋದವನು ಬಡ್ಕೊಳ್ತಿದ್ದಾನೆ. ಓವನ್ ಬಾಗಿಲು ತೆಗೆದಿಟ್ಕೊಂಡು ಕೂತಿದ್ದೀವಿ. ನನಗೇನೂ ಆಗಲ್ಲ, ಇವಳಿಗೆ ಸೊಂಟದ ಆಪರೇಷನ್ ಆಗಿ ಎರಡು ವಾರ ಆಯ್ತು. ಮಂಚ ಬಿಟ್ಟು ಏಳೋ ಹಾಗಿಲ್ಲ. ಎತ್ಕೊಂಡು ಎಲ್ಲಿಗೆ ಹೋಗ್ಲಿ?"

ಅತ್ತೆ ಮತ್ತೆ ಅದೇ ವಾಕ್ಯ ಕೊಟ್ಟಿತು. ರೋಡೀನಾ ಬಾಯಿ ಮುಚ್ಚಿಕೊಂಡಳು. ಐದು ನಿಮಿಷ ನಲವತ್ತು ಸೆಕೆಂಡು ಆಗಿತ್ತು. ಹೊಸ ದೂರು ಬರೆದುಕೊಂಡರೆ ಗುರುವಾರಕ್ಕೆ ಯಾರಾದರೂ ಹೋಗುತ್ತಾರೆ. ಇವತ್ತು ಸೋಮವಾರ. ಇಪ್ಪತ್ತು ಸೆಕೆಂಡಿನಲ್ಲಿ ಬರೆದು ಮುಗಿಸಿ ಹಸಿರು ಬೊಟ್ಟಿನೊಂದಿಗೆ ಪಾರಾಗಬಹುದಿತ್ತು. ಅವಳಿಗೆ ಹಾಗೆ ಮಾಡುವ ಆಸೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮುದುಕನ ಹಲ್ಲು ಕಟಕಟ ಎನ್ನುವುದು ಅವಳಿಗೆ ಕೇಳಿಸುತ್ತಿತ್ತು.

"ಯಜಮಾನ್ರೇ," ಎಂದಳು. "ನೀವು ಯಾರ ಮಗ?"

ಬೊಟ್ಟು ಥಟ್ಟನೆ ಕೆಂಪಾಯಿತು. ಪಕ್ಕದ ಕುರ್ಚಿಯ ನೊರೀನ್ ಕಣ್ಣರಳಿಸಿ, ಬೇಡ ಎಂದು ಕೈಯಾಡಿಸಿದಳು.

ನಮ್ಮ ದ್ವೀಪದಲ್ಲಿ ಹೆಸರಿಗೆ ಬರ. ಅರ್ಧ ಊರು ಮೆಕ್‌ನೀಲ್, ಇನ್ನರ್ಧ ಮೆಕ್‌ಡೊನಾಲ್ಡ್. ಡೊನಾಲ್ಡ್, ಜಾನ್, ಆಲನ್ ಬಿಟ್ಟು ನಾಲ್ಕನೇ ಹೆಸರಿಡಲು ಹಿಂದಿನವರಿಗೆ ಧೈರ್ಯ ಬಂದಂತಿಲ್ಲ. ಆದ್ದರಿಂದ ಅಡ್ಡಹೆಸರೇ ಗತಿ. ಸಿಕ್ಕವರನ್ನು ಮೊದಲು ಯಾರ ಮಗ ಎಂದು ಕೇಳದೆ ಇಲ್ಲಿ ಯಾವ ಮಾತೂ ಮುಂದೆ ಹೋಗುವುದಿಲ್ಲ, ಹೆಣ್ಣು ನೋಡಲಿ, ಹೆಣ ಹೊರಲಿ.

"ಅಬ್ಬಾ," ಎಂದ ಮುದುಕ. ಅವನ ದನಿಯೇ ಬದಲಾಗಿತ್ತು. "ಯಂತ್ರ ಈ ಪ್ರಶ್ನೆ ಕೇಳಲ್ಲ. ನಾನು ಗಡಿಯಾರ ರೋರಿ ಮಗ, ತಾಯಿ. ಗಣಿ ಒಳಗೆ ಗಡಿಯಾರ ಇದ್ದಿದ್ದು ನಮ್ಮಪ್ಪನ ಹತ್ರ ಮಾತ್ರ. ನೀನ್ಯಾರ ಮಗಳು?"

"ಹತ್ತೂವರೆ ಅಲೆಕ್ ಮಗಳು."

"ಚರ್ಚಿನ ಹತ್ತು ಗಂಟೆ ಪೂಜೆಗೆ ಹತ್ತೂವರೆಗೆ ಬರ್ತಿದ್ದ ಅಲೆಕ್! ಫ್ಲೋರಾ, ಕೇಳಿಸ್ತೇನೇ?" ಮುದುಕ ನಕ್ಕ, ನಗುವಿನ ಜೊತೆ ಕೆಮ್ಮೂ ಬಂತು. "ತಡ ಆದ್ರೂ ಬಂದೇ ಬರ್ತಿದ್ದ ನಿಮ್ಮಪ್ಪ. ನಿಮ್ಮ ರಿಪೇರಿಯವನಿಗೆ ಅಷ್ಟೂ ಇಲ್ವಲ್ಲ."

"ಅವನು ಬಂದಿದ್ದಾನೆ, ಡೊನಾಲ್ಡ್ ಮಾಮ. ಇನ್ನೂರ ಹನ್ನೆರಡನೇ ನಂಬರಿಗೆ ಅಂತ ಬರ್ದಿದೆ."

"ಇನ್ನೂರ ಹನ್ನೆರಡಾ? ಅದು ಬೆಣ್ಣೆ ಡೊನಾಲ್ಡ್ ಮನೆ! ನಮ್ದು ಇನ್ನೂರ ನಲವತ್ತು. ಈ ರಸ್ತೇಲಿ ನಾಲ್ಕು ಜನ ಡೊನಾಲ್ಡ್ ಮೆಕ್‌ನೀಲ್ ಇದ್ದೀವಿ. ಆ ಯಂತ್ರ ಹೆಸರು ಕೇಳ್ತು, ರಸ್ತೆ ಕೇಳ್ತು, ಸರಿ ಅಂತು. ಯಾವ ಡೊನಾಲ್ಡ್ ಅಂತ ಕೇಳ್ಲೇ ಇಲ್ಲ."

"ಅವರ ಫರ್ನೇಸ್ ಏನೂ ಕೆಟ್ಟಿರ್ಲಿಲ್ವಲ್ಲ, ಸಹಿ ಯಾಕೆ ಹಾಕಿದ್ರು?"

"ಬಾಗಿಲಿಗೆ ಬಂದೋರನ್ನ ವಾಪಸ್ ಕಳ್ಸೋ ಆಸಾಮಿ ಅಲ್ಲ ಅವನು. ತನ್ನ ಮಗಳು ಕಳ್ಸಿದ್ದಾಳೆ ಅಂದ್ಕೊಂಡು ಒಳಗೆ ಕರ್ದು, ಚಾ ಕುಡ್ಸಿ, ಬಿಸ್ಕತ್ತು ತಿನ್ಸಿ, ಎಲ್ಲಿ ಹೇಳಿದ್ರೆ ಅಲ್ಲಿ ಸಹಿ ಹಾಕಿರ್ತಾನೆ."

ಯಂತ್ರಕ್ಕೆ ಊರಿನ ಹೆಸರಿನ ಗೊಂದಲ ಗೊತ್ತಿಲ್ಲ, ಬೆಣ್ಣೆ ಡೊನಾಲ್ಡನಿಗೆ ಅತಿಥಿಗೆ ಇಲ್ಲ ಅನ್ನುವುದು ಗೊತ್ತಿಲ್ಲ. ಇಬ್ಬರ ನಡುವೆ ಒಬ್ಬ ಮುದುಕಿ ಚಳಿಯಲ್ಲಿ ನಡುಗುತ್ತಿದ್ದಳು. ರೋಡೀನಾ ಎದ್ದು ನಿಂತಳು. ಫೋನಿನ ಕೆಲಸದವರೂ ರಿಪೇರಿಯವರೂ ನೇರವಾಗಿ ಮಾತಾಡುವ ಹಾಗಿರಲಿಲ್ಲ. ಹೆಂಗಸರ ಮೊಬೈಲುಗಳು ಬಾಗಿಲ ಬಳಿಯ ಕಪಾಟಿನಲ್ಲಿ ಬೀಗದೊಳಗಿದ್ದವು. ಅವಳು ಮೈಕನ್ನು ಅಂಗೈಯಿಂದ ಮುಚ್ಚಿ, ಇಡೀ ಕೋಣೆಗೆ ಕೇಳುವಂತೆ ಕೂಗಿದಳು. "ರಿಪೇರಿ ಮಾಡೋ ಆಲನ್ ಅಂತೆ, ಯಾರ ಮಗ ಅಂತ ಯಾರಿಗಾದ್ರೂ ಗೊತ್ತೇನ್ರೇ?"

ಮೂವತ್ತು ತಲೆ ತಿರುಗಿದವು. ಹಿಂದಿನ ಸಾಲಿನಿಂದ ಒಬ್ಬಳು ಹೇಳಿದಳು. "ಪ್ಲಗ್ ಜೋ ಮಗ. ನಮ್ಮ ವಿನ್ಸ್ ಹೆಂಡ್ತಿ ತಮ್ಮ!"

ಗಾಜಿನ ಕೋಣೆಯಿಂದ ವಿನ್ಸ್ ಬೂದ್ರೋ ಹೊರಗೆ ಬಂದ. ಮೂವತ್ತೆಂಟರ ಮೇಲ್ವಿಚಾರಕ. ಚಿಕ್ಕವನಿದ್ದಾಗ ರೋಡೀನಾ ಅವನ ಮೂಗು ಒರೆಸಿದ್ದಳು. ಆದರೂ ಕೆಲಸದಲ್ಲಿ ಅವನು ಮೇಲೆ, ಅವಳು ಕೆಳಗೆ.

"ಕರೆಯಲ್ಲಿ ಇದ್ದೀರಾ, ರೋಡೀನಾ?"

"ಇದ್ದೀನಿ. ಕೆಂಪೂ ಬಿದ್ದಿದೆ, ನೋಡ್ಕೊ. ಈಗ ನಿನ್ನ ಭಾವಮೈದುನನಿಗೆ ಫೋನ್ ಮಾಡು."

"ಹಾಗೆ ಮಾಡೋ ಹಾಗಿಲ್ಲ ಅಂತ ನಿಮಗೂ ಗೊತ್ತು."

"ಗೊತ್ತು ಕಣೋ. ಅಲ್ಲಿ ಸೊಂಟ ಕುಯ್ಸಿಕೊಂಡ ಮುದುಕಿ ಮಂಚದ ಮೇಲಿದ್ದಾಳೆ. ಗುರುವಾರಕ್ಕೆ ಬರ್ತಾರೆ ಅಂತ ಹೇಳ್ಲಾ? ಇಲ್ಲಾ ನಿಮ್ಮ ತೊಂದರೆ ಅರ್ಥವಾಗುತ್ತದೆ ಅಂತ ಹೇಳ್ಲಾ? ಅದನ್ನ ಎರಡು ಸಲ ಹೇಳಿ ಆಯ್ತು. ನನಗೆ ನಾಚಿಕೆ ಆಗ್ತಿದೆ, ವಿನ್ಸ್."

ವಿನ್ಸ್ ಪರದೆಯ ಬೊಟ್ಟು ನೋಡಿದ. ಈ ಮೂವತ್ತು ಬೊಟ್ಟುಗಳ ಬಣ್ಣ ಕೂಡಿಸಿ ಟೊರಾಂಟೊದವರು ಅವನಿಗೂ ಒಂದು ಬೊಟ್ಟು ಇಡುತ್ತಿದ್ದರು. ಅವನು ಕತ್ತು ಕೆರೆದುಕೊಂಡ. ಆಮೇಲೆ ಜೇಬಿನಿಂದ ತನ್ನ ಮೊಬೈಲು ತೆಗೆದ.

"ಆಲನ್, ಎಲ್ಲಿದ್ದೀಯೋ? ತಪ್ಪು ಡೊನಾಲ್ಡ್ ಮನೆಗೆ ಹೋಗಿದ್ದೀಯಲ್ಲ ಮಾರಾಯ! ... ಹೌದು, ಬಿಸ್ಕತ್ತು ಚೆನ್ನಾಗಿರುತ್ತೆ, ಗೊತ್ತು. ಈಗ ಗಡಿಯಾರ ಡೊನಾಲ್ಡ್ ಮನೆಗೆ ತಿರುಗಿಸು. ಉಳಿದಿದ್ದು ನಾನು ನೋಡ್ಕೋತೀನಿ." ಫೋನಿಟ್ಟು ರೋಡೀನಾಳಿಗೆ ಹೇಳಿದ. "ಹಿಮ ಬೀಳ್ತಿದೆ. ಅರ್ಧ ಗಂಟೆ ಆಗುತ್ತಂತೆ."

ಕೆಲಸವಾಯಿತು, ಇನ್ನು ಫೋನ್ ಇಡಬಹುದಿತ್ತು. ರೋಡೀನಾ ಕೂತಳು, ಇಡಲಿಲ್ಲ. ಬೇಡ ಎಂದು ಕೈಯಾಡಿಸಿದ್ದ ನೊರೀನ್ ಈಗ ತನ್ನ ಕರೆಗಳನ್ನು ತಡೆದಿಟ್ಟು ಇನ್ನೂರ ಹನ್ನೆರಡನೇ ನಂಬರಿಗೆ ಫೋನ್ ಹಚ್ಚಿದ್ದಳು. ಅವಳ ಬೊಟ್ಟೂ ಹಳದಿಯಾಯಿತು. ಹತ್ತು ನಿಮಿಷದೊಳಗೆ ಬೆಣ್ಣೆ ಡೊನಾಲ್ಡ್ ಕರೆಂಟಿನ ಹೀಟರು, ಎರಡು ರಜಾಯಿ ಹೊತ್ತು ಗಡಿಯಾರ ಡೊನಾಲ್ಡನ ಬಾಗಿಲಲ್ಲಿದ್ದ. ಅವನು ತಪ್ಪಾಯ್ತಪ್ಪಾ ತಪ್ಪಾಯ್ತು ಎನ್ನುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು. ಫ್ಲೋರಾ ಅವನನ್ನು ಬೈದದ್ದೂ ಕೇಳಿಸಿತು. ಬಯ್ಯುವಷ್ಟು ಶಕ್ತಿಯಿದೆಯಲ್ಲ ಎಂದು ರೋಡೀನಾಳಿಗೆ ಸಮಾಧಾನವಾಯಿತು.

"ನಿಮ್ಮಪ್ಪನೂ ನಾನೂ ಗಣೀಲಿ ಆರು ವರ್ಷ ಒಂದೇ ಪಾಳಿ," ಎಂದ ಮುದುಕ. "ಕತ್ತಲೇಲಿ ಮುಖ ಕಾಣಲ್ವಲ್ಲ, ಕೆಮ್ಮಿದ್ರೆ ಸಾಕು, ಇಂಥೋನು ಅಂತ ಹೇಳ್ತಿದ್ದ. ಒಂದು ದಿನ ನನ್ನ ಕೆಮ್ಮು ಕೇಳಿ, ಡೊನಾಲ್ಡ್, ಇದು ನೆಗಡಿ ಅಲ್ಲ, ಡಾಕ್ಟರ ಹತ್ರ ಹೋಗು ಅಂದ. ಹೋದೆ. ಅದಕ್ಕೇ ಇವತ್ತು ನಿನ್ನ ಜೊತೆ ಮಾತಾಡ್ತಿದ್ದೀನಿ."

ಅಪ್ಪ ಸತ್ತು ಹನ್ನೆರಡು ವರ್ಷವಾಗಿತ್ತು. ಇದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ರೋಡೀನಾಳ ಕಣ್ಣು ತುಂಬಿತು. ಪರದೆ ಬರೆದುಕೊಟ್ಟ ವಾಕ್ಯ ಅಲ್ಲೇ ಮಿನುಗುತ್ತಿತ್ತು, ಅದನ್ನು ಅವಳು ನೋಡಲೂ ಇಲ್ಲ.

ವಿನ್ಸ್ ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. "ಮೂರನೇದು ಬಿತ್ತು," ಎಂದ ಮೆಲ್ಲಗೆ. "ಅದನ್ನ ಅಳಿಸೋಕೆ ನನಗೆ ಬರಲ್ಲ. ಶುಕ್ರವಾರ ಟೊರಾಂಟೊದವರು ಕರೀತಾರೆ."

"ಕರೀಲಿ."

"ನಾನೂ ಬರ್ತೀನಿ. ದೂರು ಮುಗಿದಿದೆ ಅಂತ ಬರ್ಕೊಂಡಿದ್ದು ಸುಳ್ಳು, ಆ ಸುಳ್ಳನ್ನ ಹಿಡಿದಿದ್ದು ನೀವು ಅಂತ ಹೇಳ್ತೀನಿ. ಏನಾಗುತ್ತೋ ಗೊತ್ತಿಲ್ಲ. ಆದ್ರೆ ಹೇಳ್ತೀನಿ."

"ನಿನ್ನ ಕೆಲಸ ಹೋದ್ರೆ ಏನೋ ಗತಿ?"

"ನಮ್ಮತ್ತೆ ಮನೆ ಇರೋದು ಆ ಬೀಚ್ ರಸ್ತೆಯಲ್ಲೇ. ಹೇಳದೇ ಇದ್ರೆ ನಾನು ಆ ಕಡೆ ತಲೆ ಹಾಕೋ ಹಾಗಿಲ್ಲ."

ನೊರೀನ್ ತಲೆ ಕೆಳಗೆ ಹಾಕಿ ನಕ್ಕಳು. ರೋಡೀನಾಳಿಗೂ ನಗು ಬಂತು. ಶುಕ್ರವಾರದ ಹೆದರಿಕೆ ಇದ್ದೇ ಇತ್ತು, ಆದರೂ ಬಹಳ ದಿನಗಳ ಮೇಲೆ ಅವಳಿಗೆ ತನ್ನ ದನಿ ತನ್ನದೇ ಅನ್ನಿಸುತ್ತಿತ್ತು.

ಕರೆ ನಲವತ್ತನಾಲ್ಕನೇ ನಿಮಿಷಕ್ಕೆ ಬಂದಾಗ ಗಾಡಿಯ ಸದ್ದು, ಬಾಗಿಲು ತೆಗೆದ ಸದ್ದು, ಹಿಮದ ಬೂಟು ಕೊಡವಿದ ಸದ್ದು ಕೇಳಿತು. ಆಲನ್ ನೆಲಮಾಳಿಗೆಗೆ ಇಳಿದ. "ಇರು ತಾಯಿ, ನಿನ್ನನ್ನೂ ಕರ್ಕೊಂಡು ಹೋಗ್ತೀನಿ," ಎಂದು ಮುದುಕ ಫೋನು ಹಿಡಿದುಕೊಂಡೇ ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಪ್ರತಿ ಮೆಟ್ಟಿಲಿಗೂ ಅವನು ಉಸಿರು ಬಿಟ್ಟದ್ದು ಅವಳ ಕಿವಿಗೆ ತಾಕುತ್ತಿತ್ತು.

ಸುತ್ತಿಗೆಯ ಸದ್ದು, ಲೋಹದ ತಗಡು ಜರುಗಿದ ಸದ್ದು, ಆಲನ್ ಏನೋ ಗೊಣಗಿದ್ದು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗುಬ್ಬೆಂದು ಬೆಂಕಿ ಹತ್ತಿತು. ಮುದುಕ ಫೋನನ್ನು ಫರ್ನೇಸಿನ ಹತ್ತಿರ ಹಿಡಿದಿರಬೇಕು, ಅದರ ಮೊರೆತ ರೋಡೀನಾಳ ಎರಡೂ ಕಿವಿಯಲ್ಲಿ ತುಂಬಿಕೊಂಡಿತು.

ಮೇಲಿನಿಂದ ಫ್ಲೋರಾಳ ದನಿ ಕೂಗಿ ಕೇಳಿತು. "ಇನ್ನೂ ಯಾರ ಹತ್ರ ಮಾತಾಡ್ತಿದ್ದೀರಿ? ಕಂಪನಿಯೋರಾ?"

"ಅಲ್ವೇ," ಎಂದ ಮುದುಕ. "ಅಲೆಕ್ ಮಗಳು."

ರೋಡೀನಾ ಹೆಡ್‌ಫೋನನ್ನು ಎರಡೂ ಅಂಗೈಗಳಿಂದ ಕಿವಿಗೆ ಒತ್ತಿ ಹಿಡಿದು, ಬೆಂಕಿ ಉರಿಯುವುದನ್ನು ಕೇಳುತ್ತ ಕೂತಳು.