ಶೀತಕ್ಕೆ ಬ್ರಾಂದಿ, ಎದೆಗೆ ಡವಡವ

ಮರ್ಫಿ ಟೌನಿನ ಆಂಜನಮ್ಮನಿಗೆ ಮಗಳ ಮಾತ್ರೆಯ ಮೇಲೆ ಮೊದಲ ದಿನದಿಂದಲೂ ಅನುಮಾನ. ಮನಸ್ಸು ಒಂದೆಡೆ ನಿಲ್ಲದ ಎಡಿಎಚ್‌ಡಿ ತೊಂದರೆಗೆ ಡಾಕ್ಟರೇ ಬರೆದುಕೊಟ್ಟ, ಮೆದುಳನ್ನು ಚುರುಕಾಗಿಸುವ ಸ್ಟಿಮ್ಯುಲಂಟ್ ಮಾತ್ರೆ ಅದು. ಅದು ಶುರುವಾದ ಮೇಲೆಯೇ ಮಗಳು ಯಮುನಾ ಇಂದಿರಾನಗರದ ಬೊಟಿಕ್‌ನಲ್ಲಿ ಬಟ್ಟೆಯನ್ನು ತಪ್ಪಿಲ್ಲದೆ ಕತ್ತರಿಸಿ ಕೆಲಸ ಉಳಿಸಿಕೊಂಡಿದ್ದಳು. ಆದರೂ ಟಿವಿಯಲ್ಲಿ ಡ್ರಗ್ಸ್ ಸುದ್ದಿ ಬಂದಾಗಲೆಲ್ಲ ತಾಯಿಯ ಕಣ್ಣು ಮಗಳ ಬ್ಯಾಗಿನ ಮೇಲೆ. ಮಗ ಪ್ರೇಮ್‌ಕುಮಾರ್‌ಗೂ ಡಾಕ್ಟರು ಅದೇ ಮಾತ್ರೆ ಬರೆದಿದ್ದರು. ಅವನ ಬ್ಯಾಗನ್ನು ಮಾತ್ರ ಆಕೆ ಒಮ್ಮೆಯೂ ತಡಕಿರಲಿಲ್ಲ!

ಆ ಭಾನುವಾರ ಇಬ್ಬರಿಗೂ ಶೀತ. ಆಂಜನಮ್ಮ ಬಿಸಿನೀರಿಗೆ ಬ್ರಾಂದಿ ಬೆರೆಸಿ ಇಬ್ಬರಿಗೂ ಸಮನಾಗಿ ಕುಡಿಸಿದಳು. ಮನೆಮದ್ದನ್ನು ಹೆಂಡ ಎಂದು ಯಾರು ಎಣಿಸುತ್ತಾರೆ? ಮಗ ಆರಾಮಾಗಿ ಮೊಬೈಲ್ ಹಿಡಿದು ಕೂತ. ಮಗಳ ಎದೆ ಡವಡವ ಹೊಡೆದುಕೊಳ್ಳತೊಡಗಿತು, ಕೈ ನಡುಗಿತು.

"ನಂಗೊತ್ತಿತ್ತು! ಎಲ್ಲಾ ಆ ಹಾಳ್ ಮಾತ್ರೆದೇ ಕೆಲ್ಸ!" ಎಂದು ಆಂಜನಮ್ಮ ಮಾತ್ರೆಗಳನ್ನು ಕಸದಬುಟ್ಟಿಗೆ ಎಸೆದಳು. ನಡುಕ ನಿಲ್ಲಲೆಂದು ಇನ್ನೊಂದು ಲೋಟ ಬೆರೆಸಿದಳು.

ಕೂಗು ಕೇಳಿ, ಯಮುನಾಳ ಮಾತ್ರೆಯ ವಿಷಯ ತಿಳಿದಿದ್ದ ಪಕ್ಕದ ಮನೆಯ ನರ್ಸ್ ಅಲಿಯಾ ಓಡಿಬಂದಳು. ಬ್ರಾಂದಿಯ ವಾಸನೆ ಮೂಗಿಗೆ ಬಡಿಯಿತು.

"ಆಂಟಿ, ಆ ಲೋಟ ಕೆಳಗಿಡಿ!"

"ಔಷಧಿ ಕಣಮ್ಮ ಇದು. ಪ್ರೇಮನೂ ಮಾತ್ರೆ ತಗೊಂಡು ಇದನ್ನ ಕುಡ್ದಿದಾನೆ. ಅವ್ನಿಗೇನಾಯ್ತು?"

"ಬ್ರಾಂದಿ ಸೇರಿದ್ರೆ ಈ ಮಾತ್ರೆ ರಕ್ತದಲ್ಲಿ ಜಾಸ್ತಿ ಏರ್ಬೋದು ಆಂಟಿ. ಹೆಣ್ಮಕ್ಳ ಮೈಯಲ್ಲಿ ನೀರಿನಂಶ ಸಾಮಾನ್ಯವಾಗಿ ಕಮ್ಮಿ. ಅಷ್ಟೇ ಕುಡಿದ್ರೂ ಅವ್ರಿಗೆ ಜಾಸ್ತಿ ಹತ್ತುತ್ತೆ. ಮಾತ್ರೆ ಕೆಲ್ಸ ಮಾಡೋ ರೀತಿನೂ ಬೇರೆ ಇರ್ಬೋದು. ಪ್ರೇಮ್‌ಗೂ ಇದು ಸೇಫ್ ಅಲ್ಲ. ಈ ಮಾತ್ರೆ ಅಮಲನ್ನ ಮರೆಮಾಚುತ್ತೆ, ಏರಿದ್ದು ಗೊತ್ತಾಗ್ದೆ ಬೈಕ್ ಹತ್ತಿಬಿಡ್ತಾನೆ."

"ಡಾಕ್ಟ್ರ ತಪ್ಪು ಮುಚ್ಚೋಕೆ ನೀನೂ ಸೇರ್ಕೊಂಡ್ಯಾ?"

"ಜಗಳ ಆಮೇಲಾಡೋಣ. ಈಗ ಆಟೋ ಕರೀರಿ!"

ಹಲಸೂರಿನ ಆಸ್ಪತ್ರೆಯಲ್ಲಿ ಇಸಿಜಿ ಮಾಡುತ್ತಲೇ ಡಾಕ್ಟರು ಕೇಳಿದರು, "ಮದ್ಯ ಏನಾದ್ರೂ ತಗೊಂಡ್ರಾ?"

ತಾಯಿಯ ಮಾನ ಕಾಯಲು ಯಮುನಾ ಇಲ್ಲವೆಂದು ತಲೆಯಾಡಿಸಿದಳು. ಆಂಜನಮ್ಮ ಮುಂದೆ ಬಂದಳು.

"ಸುಳ್ಳು ಹೇಳ್ತಿದಾಳೆ ಡಾಕ್ಟ್ರೇ. ನಾನೇ ಕೈಯಾರೆ ಕುಡಿಸ್ದೆ."

ಅದು ಗೊತ್ತಾದದ್ದೇ ಒಳ್ಳೆಯದಾಯಿತು ಎಂದರು ಡಾಕ್ಟರು. ಸಂಜೆಯ ಹೊತ್ತಿಗೆ ಬಡಿತ ತಹಬಂದಿಗೆ ಬಂತು. ಮಾತ್ರೆಯನ್ನು ಮತ್ತೆ ಯಾವಾಗ ತೆಗೆದುಕೊಳ್ಳಬೇಕೆಂದು ಅವರೇ ತಿಳಿಸಿದರು. ಆಂಜನಮ್ಮ ಮಗಳ ಕೈ ಹಿಡಿದು ಅತ್ತುಬಿಟ್ಟಳು. "ನಾನು ಅನುಮಾನ ಪಡ್ಬೇಕಾಗಿದ್ದು ಆ ಬಾಟ್ಲಿ ಮೇಲೆ ಕಣೇ."

ಅಕ್ಕಂದಿರೇ, ಅಣ್ಣಂದಿರೇ, ಶೀತಕ್ಕೆ ಕೊಡುವ ಬ್ರಾಂದಿಯೂ ಮದ್ಯವೇ. ಈ ಮಾತ್ರೆಯ ಜೊತೆ ಅದು ಬೇಡವೇ ಬೇಡ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎದೆ ಹೊಡೆದುಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕುಡಿದದ್ದನ್ನು ನಾಚಿಕೆಪಡದೆ ಹೇಳಿ. ಮುಚ್ಚಿಟ್ಟರೆ ಹೋಗುವುದು ನಿಮ್ಮವರ ಜೀವ.