ಎರಡು ತುಂಡಿನ ಹಾಳೆ

ಆ ಹಾಳೆಯ ನಡುವೆ, ಮೇಲಿನಿಂದ ಕೆಳಗಿನವರೆಗೆ, ಗೋಂದಿನ ಒಂದು ಗೆರೆ ಇತ್ತು. ಅಂಟಿಸಿದವಳು ನಾನೇ. ಎಷ್ಟು ನೇರವಾಗಿ ಬಂತೆಂದು ಬೆರಳಾಡಿಸಿ ಹಿಗ್ಗಿದವಳೂ ನಾನೇ.

ಆಗ ನಾನು ನೂಲಿನ ಗಿರಣಿಯೊಂದರ ಕಂಪ್ಯೂಟರ್ ಕೋಣೆಯಲ್ಲಿದ್ದೆ. ಯಂತ್ರ ಕಪಾಟಿನಷ್ಟು ದೊಡ್ಡದು. ಅದರ ವರದಿಗಳಿಗೆ ಅಗಲವಾದ ಕಾಗದವೇ ಬೇಕು. ಸಾಲೊಂದಕ್ಕೆ ನೂರಮೂವತ್ತೆರಡು ಅಕ್ಷರ. ಆ ವಾರ ದೊಡ್ಡ ಪ್ರಿಂಟರ್ ಕೆಟ್ಟು ಕೂತಿತ್ತು. ಗೇಟಿನ ಆಫೀಸಿನ ಪುಟ್ಟ ಪ್ರಿಂಟರ್ ಎಂಬತ್ತು ಅಕ್ಷರ ಹೊಡೆದು ಉಳಿದದ್ದನ್ನು ನುಂಗಿಬಿಡುತ್ತಿತ್ತು. ಹಾಗಾಗಿ ವರದಿಯನ್ನು ಎರಡು ಸಲ ಕಳಿಸುತ್ತಿದ್ದೆ: ಮೊದಲು ಎಡಭಾಗ, ಆಮೇಲೆ ಬಲಭಾಗ. ಎರಡನ್ನೂ ಅಂಟಿಸಿದರೆ ಒಂದು ಹಾಳೆ. ಈ ಉಪಾಯಕ್ಕೆ ಮ್ಯಾನೇಜರರು ಭೇಷ್ ಎಂದಿದ್ದರು, ನನ್ನ ಕಾಲು ನೆಲದ ಮೇಲಿರಲಿಲ್ಲ.

ಅವತ್ತು ಅಂಟಿಸಿದ್ದು ಹತ್ತಿ ಹಿಂಜುವ ಖಾತೆಯ ನಲವತ್ತು ಹೆಂಗಸರ ಎದೆಯ ಎಕ್ಸ್-ರೇ ತಪಾಸಣೆಯ ಪಟ್ಟಿ. ಎಡತುಂಡಿನಲ್ಲಿ ನಂಬರು, ಹೆಸರು. ಬಲತುಂಡಿನ ಕೊನೆಯಲ್ಲಿ ಫಲಿತಾಂಶ. ಸೊನ್ನೆಯಿದ್ದರೆ ಎಲ್ಲ ಸರಿ. ನಕ್ಷತ್ರವಿದ್ದರೆ ಶ್ವಾಸಕೋಶದಲ್ಲಿ ನೆರಳು ಕಂಡಿದೆ, ಕೆಲಸ ನಿಲ್ಲಿಸಿ ದೊಡ್ಡಾಸ್ಪತ್ರೆಗೆ ಹೋಗಬೇಕೆಂದು ಅರ್ಥ. ನಲವತ್ತರಲ್ಲಿ ನಕ್ಷತ್ರ ಒಂದೇ. ಅದು ಸೋಮವ್ವನ ಹೆಸರಿನ ಮುಂದಿತ್ತು.

ಸಂಜೆ ಪಟ್ಟಿಯನ್ನು ಗೋಡೆಗೆ ಹಚ್ಚಿದಾಗ ಸೋಮವ್ವ ಅಲ್ಲೇ ಕುಸಿದು ಕುಳಿತಳು. ಅವಳನ್ನು ಹಿಡಿದುಕೊಂಡವಳು ಫಕೀರವ್ವ. ಇಬ್ಬರೂ ಒಂದೇ ದಿನ ಗಿರಣಿಗೆ ಸೇರಿದವರು, ಪಟ್ಟಿಯಲ್ಲಿ ಒಂದರ ಕೆಳಗೊಂದು ನಂಬರು.

"ಏಳ ಸೋಮಿ. ನೆರಳಂದ್ರ ಸಾವಲ್ಲ. ಗುಳಿಗಿ ನುಂಗಿದ್ರ ಹೋಗ್ತೈತಿ. ದವಾಖಾನಿಗಿ ನಾ ಬರ್ತೀನಿ, ನಿನ್ನ ಮಗ್ಗಲದಾಗ ಕುಂದರ್ತೀನಿ. ನಾ ಸತ್ತೀನೇನ?" ಎಂದು ಬೆನ್ನು ಸವರುತ್ತಿದ್ದಳು. ಎಂಥ ಗೆಳತಿ ಎಂದುಕೊಂಡು ನಾನು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಪಟ್ಟಿಯ ಕೊನೆಯ ಹೆಸರಿನ ಖಾಸಿಂಬಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಬಾಯಾರ, ನನ್ನ ಹೆಸರಿನ ಮುಂದ ಏನೂ ಇಲ್ರಿ."

"ತಪಾಸಣೆಗೆ ಬಂದಿರ್ಲಿಕ್ಕಿಲ್ಲ ನೀವು," ಎಂದೆ, ತಲೆಯೆತ್ತದೆ.

"ಬಂದಿದ್ನಲ್ರಿ! ಉಸರ ಹಿಡಿ ಅಂತ ಎರಡ ಸರ್ತಿ ನಿಲ್ಸಿದ್ರು."

ಬೇಸರದಿಂದಲೇ ಗೋಡೆಯವರೆಗೆ ಹೋದೆ. ಕೊನೆಯ ಸಾಲು ನಿಜಕ್ಕೂ ಖಾಲಿ. ಕಣ್ಣು ಮೇಲಕ್ಕೆ ಹೋಯಿತು. ಎಡತುಂಡಿನ ತಲೆಬರಹ ಎರಡು ಸಾಲು. ಬಲತುಂಡಿನದು ಒಂದೇ ಸಾಲು. ನಾನು ಕಾಗದದ ಅಂಚಿಗೆ ಅಂಚು ಕೂಡಿಸಿದ್ದೆ, ಹೆಸರಿಗೆ ಫಲಿತಾಂಶ ಕೂಡಿಸಿರಲಿಲ್ಲ. ಬಲಗಡೆಯದೆಲ್ಲ ಒಂದೊಂದು ಸಾಲು ಮೇಲೇರಿ ಕುಳಿತಿತ್ತು. ಖಾಸಿಂಬಿಯ ಸೊನ್ನೆ ಅವಳ ಮೇಲಿನವಳ ಪಾಲಾಗಿತ್ತು.

ಹಾಗಾದರೆ ನಕ್ಷತ್ರ?

ಬೆರಳನ್ನು ಸೋಮವ್ವನ ಹೆಸರಿನಿಂದ ಒಂದು ಸಾಲು ಕೆಳಗಿಳಿಸಿದೆ. ಓಡಿಹೋಗಿ ಪರದೆಯ ಮೇಲೆ ಮೂರು ಸಲ ನೋಡಿದೆ. ಮೂರು ಸಲವೂ ಫಕೀರವ್ವನೇ. ಸದ್ದಿಲ್ಲದೆ ಹೊಸ ಹಾಳೆ ಹಚ್ಚಿಬಿಡಲೇ ಎಂಬ ಯೋಚನೆ ಬಂತು; ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಕೆಲಸ ಹೋಗುವ ಹೆದರಿಕೆ ಒಂದು, ಆ ಮುಖವನ್ನು ನೋಡುವ ಹೆದರಿಕೆ ಇನ್ನೊಂದು. ಹಾಳೆಯನ್ನು ಗೋಂದಿನ ಗೆರೆಗುಂಟ ಹರಿದು, ಎರಡೂ ತುಂಡು ಹಿಡಿದು ಹಿಂಜುವ ಖಾತೆಯ ಕಡೆ ನಡೆದೆ.

ಒಳಗೆ ಹತ್ತಿಯ ಧೂಳಿನಲ್ಲಿ ಎದುರಿನವರೂ ಕಾಣುತ್ತಿರಲಿಲ್ಲ. ಆಸ್ಪತ್ರೆಗೆ ಹೋಗಲು ಕಾಯುತ್ತಿದ್ದ ಸೋಮವ್ವನನ್ನು ಬಾಗಿಲ ಹೊರಗೆ ಗಾಳಿಗೆ ಕೂಡಿಸಿ, ಅವಳ ಯಂತ್ರವನ್ನೂ ತನ್ನ ಯಂತ್ರವನ್ನೂ ಫಕೀರವ್ವ ಒಬ್ಬಳೇ ನೋಡಿಕೊಳ್ಳುತ್ತಿದ್ದಳು, ಬೆಳಗಿನ ಆರರಿಂದ. ನಾನು ಅವಳ ಕೈ ಹಿಡಿದು ಹೊರಗೆ ಎಳೆದೆ. ಇಬ್ಬರ ಎದುರಿಗೂ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಅದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ.

ಸೋಮವ್ವನ ಮುಖದಲ್ಲಿ ಒಂದು ಕ್ಷಣ ನೆಮ್ಮದಿ ಮೂಡಿತು. ಮರುಕ್ಷಣ ಅದಕ್ಕೆ ತಾನೇ ನಾಚಿ ಬಾಯಿಗೆ ಸೆರಗು ಒತ್ತಿಕೊಂಡಳು.

ಫಕೀರವ್ವ ಕಟ್ಟೆಯ ಮೇಲೆ ಮೆಲ್ಲಗೆ ಕುಳಿತಳು. ಗೆಳತಿಯ ಕಡೆ ತಿರುಗಿದಳು.

"ಸೋಮಿ, ನಿನ್ನಿ ನಿನಗ ಏನೇನ ಹೇಳಿದ್ನಲ್ಲ, ಅಷ್ಟೂ ಈಗ ನನಗ ಹೇಳ."

ಸೋಮವ್ವ ಫಕೀರವ್ವನ ಮಗ್ಗುಲಿಗೆ ಬಂದು ಕುಳಿತು, ಅವಳ ಕೂದಲಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ನಾನು ಕೈಗೊಂದು ತುಂಡು ಕಾಗದ ಹಿಡಿದು ನಿಂತೇ ಇದ್ದೆ.