ಅಂಗಡಿ ಹಿಂದಿನ ಕೊಳವೆ

ದನಿ ನಡುಗಿದರೆ ನಡುಗಲಿ, ಹೇಳಬೇಕಾದ ಮಾತೇ ಸುಳ್ಳು, ಅದಕ್ಕೇನು ಮಾಡಲಿ ಎಂದು ರೇವದಿ ಬಾಳೆದಿಂಡಿನ ಬಿಲ್ಲೆಗೆ ಎಲೆ ಸುತ್ತುತ್ತ ತನ್ನಲ್ಲೇ ಅಂದುಕೊಂಡಳು. ಹೊರಗೆ ಕಾಲುವೆ ದಂಡೆಯ ಹೊಸ ಕಾಲುದಾರಿಯಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಅವಳು ಚಿಕ್ಕಂದಿನಿಂದ ಮೂಗು ಮುಚ್ಚಿಕೊಂಡು ದಾಟಿದ ನೀರು. ಇವತ್ತು ರಾತ್ರಿ ಹುಣ್ಣಿಮೆಗೆ ಅದರಲ್ಲಿ ಇಂಥ ಬಾಳೆದಿಂಡಿನ ದೀಪದ ದೋಣಿ ತೇಲಿಬಿಡುವವರಿದ್ದರು. ಅದಕ್ಕೂ ಮೊದಲು, ವರ್ಷವಿಡೀ ಹೊಲಸು ಮಾಡಿದ್ದಕ್ಕೆ ಕೇರಿಯ ಪರವಾಗಿ ಗಂಗಮ್ಮನ ಕ್ಷಮೆ ಕೇಳಬೇಕು. ಎಲ್ಲ ಮನೆಯ ಕೊಳೆನೀರಿನ ಕೊಳವೆಗಳನ್ನೂ ಮುಚ್ಚಿದ್ದೇವೆಂದು ಹೇಳಬೇಕು. ಓದಿದವಳೆಂದು ಅದನ್ನು ರೇವದಿಗೆ ಒಪ್ಪಿಸಿದ್ದರು.

ತಮ್ಮ ನೂಡಲ್ಸ್ ಅಂಗಡಿಯ ಅಡುಗೆಮನೆಯಲ್ಲಿ ಚಿಕ್ಕಮ್ಮ ಕನ್ನಿಕಾ ಪಾತ್ರೆಯ ಜಿಡ್ಡುನೀರನ್ನು ಬಕೆಟ್ಟಿಗೆ ಬಗ್ಗಿಸುತ್ತಿದ್ದಳು. ಬೇರೆ ದಿನಗಳಲ್ಲಿ ಅದು ನೆಲದ ತೂತಿಗೆ, ಅಲ್ಲಿಂದ ಕೊಳವೆಯಲ್ಲಿ ಕಾಲುದಾರಿಯ ಅಡಿಯಲ್ಲೇ ಸಾಗಿ ಕಾಲುವೆಗೆ. ನೋಡಲು ಬಂದ ಪಾಲಿಕೆಯವರಿಗೆ ಆ ಕೊಳವೆ ಕಂಡಿರಲಿಲ್ಲ.

"ಇವತ್ತೊಂದಿನ ಬಕೆಟ್ಟಲ್ಲಿರ್ಲಿ. ಗಂಗಮ್ಮಂಗೂ ಹಬ್ಬ ಅಲ್ವಾ."

"ನಾಳೆ?"

"ನಾಳೆ ಹಬ್ಬ ಮುಗ್ದಿರುತ್ತೆ."

"ಒಳಚರಂಡಿಗೆ ಸೇರಿಸ್ಬಿಡೋಣ ಚಿಕ್ಕಮ್ಮ."

"ನೆಲ ಅಗೀಬೇಕು ಕಣೇ. ಅಷ್ಟು ದಿನ ಒಲೆ ಆರ್ಸಿದ್ರೆ ಪಕ್ಕದಂಗಡಿಗೆ ಹೋದ ಗಿರಾಕಿ ತಿರುಗಿ ಬರ್ತಾರಾ? ಇನ್ನು ಪಾಲಿಕೆಯೋರಿಗೆ ಗೊತ್ತಾದ್ರಂತೂ ಅಂಗಡೀನೇ ಮುಚ್ಚಿಸ್ತಾರೆ. ನಿನ್ನ ಓದಿಸಿದ್ದೂ ಇದೇ ಒಲೆ." ಚಿಕ್ಕಮ್ಮ ಕೈ ಒರೆಸಿಕೊಂಡು ಅವಳ ಕೆನ್ನೆ ಸವರಿದಳು. "ನೀನು ಬಾಯೇ ಬಿಡದ ಹುಡುಗಿ. ಅದಕ್ಕೇ ನಂಗೆ ಧೈರ್ಯ."

ಕತ್ತಲಾಗುವ ಹೊತ್ತಿಗೆ ಕಾಲಿಡಲು ಜಾಗವಿರಲಿಲ್ಲ. ರೇವದಿಯ ಬೆನ್ನಿಗೆ ಕಾಲುವೆಯ ಹೊಸ ಕಂಬಿ ಒತ್ತುತ್ತಿತ್ತು, ಎದುರಿಗೆ ಇಡೀ ಕೇರಿ. ಮುಂದಿನ ಕುರ್ಚಿಯಲ್ಲಿ ಚಿಕ್ಕಮ್ಮ ರೇಷ್ಮೆ ಉಟ್ಟು ಕೂತಿದ್ದಳು.

"ಮೈಕು ಕಚ್ಚಲ್ಲಮ್ಮ, ಹತ್ರ ಹಿಡ್ಕೋ," ಎಂದರು ಕೇರಿಯ ಮುಖ್ಯಸ್ಥ ಬುನ್‌ಚೂ ಮಾವ.

"ಕಾಲೇಜಲ್ಲಿ ಮಾತಾಡೋದು ಕಲ್ಸಿಲ್ವೇನೋ," ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು. ಚಿಕ್ಕಮ್ಮನೂ ನಕ್ಕಳು.

ಅಷ್ಟರಲ್ಲಿ ಪಕ್ಕದ ಮನೆಯ ಲಮೈ ಅಜ್ಜಿ ಯಾರಿಗೂ ಕಾಯದೆ ಮೆಟ್ಟಿಲಿಳಿದು ನೀರಿನ ಅಂಚಿಗೆ ಕೂತಿದ್ದರು. ರೇವದಿ ಓರೆಯಾಗಿ ತಿರುಗಿ ನೋಡಿದಳು. ಅಂಗಡಿಯ ಹಿಂದಿನ ಮೆಟ್ಟಿಲು ಅದು. ಕೊಳವೆಯ ಬಾಯಿ ಅವರ ಕಾಲ ಬಳಿಯೇ ಕಲ್ಲಿನ ಸಂದಿಯಲ್ಲಿತ್ತು.

"ಮದ್ವೆಯಾಗಿ ಬಂದಾಗ ಇದೇ ನೀರು ಕುಡೀತಿದ್ವಿ," ಎಂದು ಅಜ್ಜಿ ಬೊಗಸೆ ತುಂಬಿಕೊಂಡರು. ಮೊದಲು ಹಣೆಗೆ ಹಚ್ಚಿಕೊಂಡರು, ಆಮೇಲೆ ನೆತ್ತಿಗೆ. ಮತ್ತೆ ತುಂಬಿ, ಕಣ್ಣು ಮುಚ್ಚಿ, ಬಾಯಿಯ ಹತ್ತಿರ ತಂದರು.

ಚಿಕ್ಕಮ್ಮನ ನಗು ನಿಂತಿತು. ಅವಳು ರೇವದಿಯನ್ನು ನೋಡಿ ಸಣ್ಣಗೆ ತಲೆ ಆಡಿಸಿದಳು, ಬೇಡ ಅನ್ನುವಂತೆ.

ರೇವದಿ ಮೈಕನ್ನು ಹತ್ತಿರ ಹಿಡಿದಳು.

"ಅಜ್ಜಿ, ಅದನ್ನ ಕುಡೀಬೇಡಿ. ನಮ್ಮಂಗಡಿ ಕೊಳೆ ಇನ್ನೂ ಅಲ್ಲಿಗೇ ಬಿಡ್ತಿದೀವಿ."